ಸೋನೋಗ್ರಫಿ ನಾರ್ಮಲ್ ಬಂದ ಮೇಲೂ ಸಿಟಿ ಯಾಕೆ?

ಡೊಂಬಿವಲಿಯಿಂದ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ಯಜಮಾನರಿಗೆ 62 ವರ್ಷ. ಸಿಗರೇಟು ಸೇದುತ್ತಾರೆ, ರಕ್ತ ತೆಳುವಾಗುವ ಮಾತ್ರೆಯೂ ಇದೆ. ಒಂದು ದಿನ ಮೂತ್ರ ಕೆಂಪಗೆ ಹೋಗಿ ತಾನಾಗಿ ನಿಂತಿತು, ನೋವಿರಲಿಲ್ಲ. ಸೋನೋಗ್ರಫಿಯಲ್ಲಿ ಏನೂ ಇಲ್ಲ. ಆದರೂ ಸಿಟಿ ಯುರೋಗ್ರಫಿ (ಮೂತ್ರದ ದಾರಿಯ ಸಿಟಿ ಸ್ಕ್ಯಾನ್), ಸಿಸ್ಟೋಸ್ಕೋಪಿ (ಮೂತ್ರಕೋಶದೊಳಗೆ ದುರ್ಬೀನು ಹಾಕಿ ನೋಡುವುದು) ಎರಡೂ ಆಗಬೇಕಂತೆ. ಇದು ಖರ್ಚಿಗೆ ದಾರಿಯಲ್ಲವೆ?’

ಉತ್ತರ: ಅಲ್ಲ. ನೋವಿಲ್ಲದೆ ಬಂದು ತಾನಾಗಿ ನಿಂತ ರಕ್ತವನ್ನೇ ಹೆಚ್ಚು ಅನುಮಾನದಿಂದ ನೋಡಬೇಕು. ಮೂತ್ರಕೋಶದ ಗಡ್ಡೆ ಬಿಟ್ಟು ಬಿಟ್ಟು ರಕ್ತ ಸೋರಿಸುತ್ತದೆ. ಸಿಗರೇಟು ಅದಕ್ಕೆ ದೊಡ್ಡ ಕಾರಣ. ಮಾತ್ರೆಯ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವಂತಿಲ್ಲ, ಹಾಗಂತ ಡಾಕ್ಟರನ್ನು ಕೇಳದೆ ಅದನ್ನು ನಿಲ್ಲಿಸಲೂಬಾರದು.

ಸೋನೋಗ್ರಫಿ ಮೂತ್ರಪಿಂಡದ ದೊಡ್ಡ ಗಡ್ಡೆ, ಊತ, ಕಲ್ಲುಗಳನ್ನು ತೋರಿಸುತ್ತದೆ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳದ ನಡುಭಾಗ ಮಾತ್ರ ಕರುಳಿನ ಗಾಳಿಯ ಹಿಂದೆ ಅಡಗಿಬಿಡುತ್ತದೆ. ರಿಪೋರ್ಟಿನಲ್ಲಿ ಮೂತ್ರಕೋಶ ಪೂರ್ತಿ ತುಂಬಿರಲಿಲ್ಲ ಎಂದು ಬರೆದಿದೆಯೇ ನೋಡಿ. ಅರೆ ತುಂಬಿದ ಕೋಶದ ಮಡಿಕೆಯಲ್ಲಿ ಸಣ್ಣ ಗಡ್ಡೆ ಕಾಣದೇ ಹೋಗಬಹುದು. (ಕೋಶ ತುಂಬಲು ನೀರು ಕುಡಿಯಬೇಕು; ಲೋಕಲ್ ರೈಲಿನಲ್ಲಿ ನಿಂತು ಹೋಗುವವರು ಸ್ಕ್ಯಾನ್ ಸೆಂಟರ್ ಮುಟ್ಟಿದ ಮೇಲೆಯೇ ಕುಡಿಯುವುದು ಒಳ್ಳೆಯದು.)

ಸಿಟಿ ಯುರೋಗ್ರಫಿಯಲ್ಲಿ ಸಾಮಾನ್ಯವಾಗಿ ಮೂರು ಸುತ್ತು. ಮೊದಲು ಔಷಧಿಯಿಲ್ಲದೆ, ಕಲ್ಲಿಗಾಗಿ. ಅಯೋಡಿನ್ ಕಾಂಟ್ರಾಸ್ಟ್ (ಚಿತ್ರದಲ್ಲಿ ಬೆಳ್ಳಗೆ ಕಾಣುವ ಔಷಧಿ) ಚುಚ್ಚಿದ ಸುಮಾರು 100 ಸೆಕೆಂಡಿಗೆ ಇನ್ನೊಂದು, ಮೂತ್ರಪಿಂಡದ ಗಡ್ಡೆಗಾಗಿ. ಆಮೇಲೆ ಹತ್ತು ನಿಮಿಷದಷ್ಟು ಕಾಯಿಸುತ್ತಾರೆ. ಅಷ್ಟರಲ್ಲಿ ಕಾಂಟ್ರಾಸ್ಟ್ ಮೂತ್ರದೊಂದಿಗೆ ಇಳಿದು ನಾಳವೆಲ್ಲ ಬೆಳ್ಳಗಾಗುತ್ತದೆ. ಆ ಬಿಳಿಯ ನಡುವೆ ಒಂದು ಕಪ್ಪು ಖಾಲಿ ಕಂಡರೆ ಅಲ್ಲೇನೋ ಕೂತಿದೆ ಎಂದರ್ಥ. ಈ ಕೊನೆಯ ಸುತ್ತೇ ಪರೀಕ್ಷೆಯ ಜೀವಾಳ. ಕಡಿಮೆ ದರಕ್ಕೆ ‘ಪ್ಲೇನ್ ಸಿಟಿ’ ಮಾಡಿಸಿದರೆ ಕಲ್ಲು ಸಿಗುತ್ತದೆ, ನಾಳದ ಗಡ್ಡೆ ತಪ್ಪಿಹೋಗಬಹುದು. ಚೀಟಿಯಲ್ಲಿ ‘ಯುರೋಗ್ರಫಿ’ ಎಂದೇ ಇರಲಿ.

ಸಿಟಿಗೆ ಮೊದಲು ರಕ್ತದ ಕ್ರಿಯಾಟಿನಿನ್ ಮಾಡಿಸಿ. ಅದರಿಂದ ಲೆಕ್ಕ ಹಾಕುವ ಇಜಿಎಫ್ಆರ್ (ಮೂತ್ರಪಿಂಡ ರಕ್ತ ಸೋಸುವ ವೇಗದ ಅಂದಾಜು) 30ಕ್ಕಿಂತ ಕೆಳಗಿದ್ದರೆ ಎಂಆರ್ ಯುರೋಗ್ರಫಿಯಂಥ (ಎಂಆರ್‌ಐ ಯಂತ್ರದಲ್ಲಿ ಮಾಡುವ) ಬೇರೆ ದಾರಿ ಯೋಚಿಸಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಇದ್ದರೆ ತಿಳಿಸಿ. ಹಿಂದೆ ಕಾಂಟ್ರಾಸ್ಟ್‌ಗೆ ಮೈಯೆಲ್ಲ ದದ್ದು ಎದ್ದಿದ್ದರೆ ಅದನ್ನು ಮುಚ್ಚಿಡಬೇಡಿ. ಸಿಗಡಿ ಮೈಗಾಗದು ಎನ್ನುವವರು ಕಾಂಟ್ರಾಸ್ಟ್‌ಗೆ ವಿಶೇಷವಾಗಿ ಹೆದರಬೇಕಿಲ್ಲ.

ಇಷ್ಟಾದರೂ ಮೂತ್ರಕೋಶದ ಒಳಗೋಡೆಯ ಚಪ್ಪಟೆ ಗಡ್ಡೆಯನ್ನು ಸಿಟಿ ನಂಬುವಂತೆ ಹಿಡಿಯುವುದಿಲ್ಲ. ಸಿಸ್ಟೋಸ್ಕೋಪಿ ಅದಕ್ಕೇ ಬೇಕು: ಮರಗಟ್ಟಿಸುವ ಜೆಲ್ಲಿ ಹಾಕಿ ಮೆದು ದುರ್ಬೀನಿನಿಂದ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಅಡ್ಮಿಟ್ ಆಗಬೇಕಿಲ್ಲ. ಹೋಗುವಾಗ ಸಿಟಿಯ ಫಿಲ್ಮ್ ಜತೆ ಸಿಡಿಯನ್ನೂ ಒಯ್ಯಿರಿ. ಆಯ್ದು ಅಚ್ಚು ಹಾಕಿದ ಫಿಲ್ಮಿನಲ್ಲಿ ಎಲ್ಲ ಚಿತ್ರಗಳೂ ಇರುವುದಿಲ್ಲ.