ಸೊಂಟದಲ್ಲಿ ಪಿಸ್ತೂಲು, ಲೈಸೆನ್ಸ್ ಬೇಡವಾ?

ಪ್ರಶ್ನೆ: ಮಗಳು, ಅಳಿಯ ಟೆಕ್ಸಾಸ್‌ನಲ್ಲಿದ್ದಾರೆ. ಅಲ್ಲಿಗೆ ಹೋಗಿದ್ದಾಗ ಅಂಗಡಿಯಲ್ಲಿ ಒಬ್ಬ ಎಲ್ಲರಿಗೂ ಕಾಣುವಂತೆ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ತರಕಾರಿ ಆರಿಸುತ್ತಿದ್ದ. ಅದಕ್ಕೆ ಲೈಸೆನ್ಸೂ ಬೇಡವಂತೆ. ‘ಅದು ಇಲ್ಲಿಯವರ ಹಕ್ಕು ಮಾವ’ ಅಂತಾರೆ ಅಳಿಯ. ನೀವೇನಂತೀರಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನನ್ನ ಅಭಿಪ್ರಾಯದಲ್ಲಿ ಲೈಸೆನ್ಸ್ ಬೇಕೇ ಬೇಕು. ನನಗಂತೂ ಅನುಮಾನವೇ ಇಲ್ಲ.

ಅಳಿಯ ಹೇಳಿದ್ದು ಅಲ್ಲಿಯ ಕಾನೂನಿಗೆ ಸರಿಯಾಗಿಯೇ ಇದೆ. 2016ರ ಜನವರಿಯಿಂದ ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಕಾಣುವಂತೆ ಇಟ್ಟುಕೊಂಡು ಓಡಾಡಬಹುದಿತ್ತು. ಅದಕ್ಕೆ ತರಗತಿಗೆ ಹೋಗಬೇಕಿತ್ತು, ಗುರಿ ಹೊಡೆದು ತೋರಿಸಬೇಕಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಆ ಕಟ್ಟುಪಾಡೂ ಹೋಯಿತು. ಈಗ 21 ವರ್ಷ ತುಂಬಿದ್ದು, ಬಂದೂಕು ಇಟ್ಟುಕೊಳ್ಳಬಾರದು ಅಂತ ಕಾನೂನಿನ ತಡೆ ಇಲ್ಲದಿದ್ದರೆ ಸಾಕು.

ಹಕ್ಕು ಅಂತಾರಲ್ಲ, ಅದರ ಬಗ್ಗೆ ಒಂದು ಮಾತು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯೂಯಾರ್ಕ್‌ನ ಹಳೇ ಕಾನೂನನ್ನು ಹೊಡೆದುಹಾಕಿತು. ಪಿಸ್ತೂಲು ಒಯ್ಯಲು ವಿಶೇಷ ಕಾರಣ ತೋರಿಸಿ ಅನ್ನುವ ಷರತ್ತು ನಡೆಯಲ್ಲ ಅಂದಿತು. ಆದರೆ ಲೈಸೆನ್ಸೇ ಕೇಳಬಾರದು ಅಂತ ಆ ಕೋರ್ಟೂ ಹೇಳಿಲ್ಲ! ಹಿನ್ನೆಲೆ ನೋಡಿ, ತರಬೇತಿ ಕೊಟ್ಟು, ಅರ್ಹರಿಗೆಲ್ಲ ಕೊಡುವ ಲೈಸೆನ್ಸ್‌ಗೆ ಜಾಗ ಉಳಿದೇ ಇದೆ. ಅಷ್ಟೂ ಬೇಡ ಅಂದದ್ದು ಟೆಕ್ಸಾಸ್‌ನಂಥ ರಾಜ್ಯಗಳ ಸರ್ಕಾರಗಳು.

ನನ್ನ ಚಿಂತೆ ಪಕ್ಕದಲ್ಲಿ ನಿಂತವರದ್ದು. ತರಕಾರಿ ಆರಿಸುತ್ತಿದ್ದವನು ಒಳ್ಳೆಯವನೇ ಇರಬಹುದು, ಆದರೆ ನಿಮಗೆ ಹೇಗೆ ಗೊತ್ತಾಗಬೇಕು? ಪೊಲೀಸರಿಗೂ ಗೊತ್ತಾಗಲ್ಲ. 2016ರ ಜುಲೈ 7ರಂದು ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಪ್ರತಿಭಟನೆ ನಡೆದಿದ್ದಾಗ ಒಬ್ಬ ಗುಂಡು ಹಾರಿಸಿ ಐವರು ಪೊಲೀಸರನ್ನು ಕೊಂದ. ಅಲ್ಲೇ ಇನ್ನೊಬ್ಬರು ಕಾನೂನುಬದ್ಧವಾಗಿಯೇ ಹೆಗಲಿಗೆ ರೈಫಲ್ ಹಾಕಿಕೊಂಡು ನಡೆಯುತ್ತಿದ್ದರು (ರೈಫಲ್‌ಗೆ ಅಲ್ಲಿ ಆಗಲೂ ಲೈಸೆನ್ಸ್ ಬೇಕಿರಲಿಲ್ಲ). ಪೊಲೀಸರು ಅವರನ್ನೇ ಶಂಕಿತ ಅಂತ ಫೋಟೋ ಸಮೇತ ಪ್ರಕಟಿಸಿಬಿಟ್ಟರು, ಆ ಮನುಷ್ಯ ತಾನಾಗಿ ಹೋಗಿ ಬಂದೂಕು ಒಪ್ಪಿಸಬೇಕಾಯಿತು. ಲೈಸೆನ್ಸ್ ಇದ್ದಿದ್ದರೆ ಈ ಗೊಂದಲ ಪೂರ್ತಿ ತಪ್ಪುತ್ತಿತ್ತು ಅನ್ನಲಾರೆ. ಆದರೆ ಬಂದೂಕು ಹೊತ್ತವರ ಬಗ್ಗೆ ಮೊದಲೇ ಯಾರಾದರೂ ವಿಚಾರಿಸಿದ್ದಾರೆ ಅನ್ನುವ ಒಂದು ದಾಖಲೆಯಾದರೂ ಇರಬೇಕಲ್ವಾ?

ನಮ್ಮ ಮುಂಬೈಯ ದಾದರ್ ಸ್ಟೇಷನ್ನಿನ ಸೇತುವೆಯನ್ನೇ ನೆನೆಸಿಕೊಳ್ಳಿ, ಸಂಜೆ ಹೊತ್ತು. ಆ ನೂಕಾಟದಲ್ಲಿ ಸೊಂಟದ ಪಿಸ್ತೂಲಿಗೆ ಯಾರ ಕೈ ಬೇಕಾದರೂ ತಾಗಬಹುದು. ಅದನ್ನು ಕಾಪಾಡಿಕೊಳ್ಳುವುದನ್ನೂ ಕಲಿಯಬೇಕು. ಸುಮ್ನೆ ಕೊಂಡು ತಂದ ಮಾತ್ರಕ್ಕೆ ಅದು ಬರಲ್ಲ.

ಪ್ರಶ್ನೆ: ಮುಲುಂಡ್‌ನಲ್ಲಿ ನಮ್ಮದೊಂದು ಹೋಟೆಲ್ ಇದೆ. ರಾತ್ರಿ ಗಲ್ಲಾದ ದುಡ್ಡು ಮನೆಗೆ ಒಯ್ಯಬೇಕು. ಪಿಸ್ತೂಲು ಇಟ್ಟುಕೊಳ್ಳಬಹುದಾ?
– ಓದುಗರೊಬ್ಬರು, ಮುಲುಂಡ್

ಉತ್ತರ: 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮುಟ್ಟುವಂತಿಲ್ಲ. ಮುಂಬೈಯಲ್ಲಿ ಅದನ್ನು ಕೊಡುವುದು ಪೊಲೀಸ್ ಆಯುಕ್ತರ ಕಚೇರಿ. ಕಾರಣ ಹೇಳಬೇಕು, ಠಾಣೆಯಿಂದ ವಿಚಾರಣೆ ಆಗುತ್ತದೆ, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಅಂತಲೂ ಹೇಳಬಹುದು. ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ನನ್ನ ಮಾತು ಕೇಳುವುದಾದರೆ ಪಿಸ್ತೂಲಿನ ಆಸೆ ಬಿಡಿ. ಗಿರಾಕಿಗಳಿಂದ ಆದಷ್ಟು ಯುಪಿಐಯಲ್ಲೇ ತಗೊಳ್ಳಿ, ಉಳಿದ ನಗದನ್ನು ಹಗಲಲ್ಲೇ ಬ್ಯಾಂಕಿಗೆ ಕಟ್ಟಿ.