ಕೂಡಿ ಹುಟ್ಟಿದವರ ಮದುವೆ

ಪ್ರಶ್ನೆ: ದೇಹ ಕೂಡಿಕೊಂಡೇ ಹುಟ್ಟಿದ ಅವಳಿ ಸೋದರಿಯರಲ್ಲಿ ಒಬ್ಬಳಷ್ಟೇ ಮದುವೆಯಾದರೆ ಗಂಡನಿಗೆ ಇಬ್ಬರು ಹೆಂಡತಿಯರೆಂದು ಆಗುವುದಿಲ್ಲವೇ? ಮದುವೆ ಬೇಡವೆಂದ ಇನ್ನೊಬ್ಬಳ ಪಾಡೇನು?

ಉತ್ತರ: ನಿಮ್ಮ ಮೊದಲ ಸಂದೇಹವನ್ನು ಬಗೆಹರಿಸುವುದು ಕಷ್ಟವಲ್ಲ. ಎಷ್ಟೇ ಅಂಗಗಳನ್ನು ಹಂಚಿಕೊಂಡಿದ್ದರೂ ಸಯಾಮಿ ಅವಳಿಗಳು ಇಬ್ಬರು ವ್ಯಕ್ತಿಗಳೇ. ಎಳೆಯ ಅವಳಿಗಳನ್ನು ಬೇರ್ಪಡಿಸಲು 2000ರಲ್ಲಿ ಅನುಮತಿ ಕೊಟ್ಟ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು, ತನ್ನದೇ ಹೃದಯ, ಶ್ವಾಸಕೋಶಗಳ ಬಲದಿಂದ ಬದುಕಲಾರದಿದ್ದ ಮಗುವನ್ನೂ ಪ್ರತ್ಯೇಕ ವ್ಯಕ್ತಿಯೆಂದೇ ಪರಿಗಣಿಸಿತ್ತು. ಹೀಗಿರುವಾಗ, ಒಪ್ಪಿಗೆ ಕೊಟ್ಟು ಸಹಿ ಹಾಕಿದವಳು ಮಾತ್ರ ಹೆಂಡತಿ, ಪಕ್ಕದಲ್ಲಿರುವವಳು ನಾದಿನಿ. ಇದನ್ನು ದ್ವಿಪತ್ನಿತ್ವವೆನ್ನಲು ಬರುವುದಿಲ್ಲ.

ಆದರೂ ಅಧಿಕಾರಿಗಳು ಇದನ್ನು ಸುಲಭವಾಗಿ ಒಪ್ಪಿದವರಲ್ಲ. 1934ರಲ್ಲಿ ಅಮೆರಿಕದಲ್ಲಿ ವಯೊಲೆಟ್ ಹಿಲ್ಟನ್ ಮದುವೆಯ ಪರವಾನಗಿಗೆ ಅರ್ಜಿ ಹಾಕಿದಾಗ, ಬೆನ್ನಿನ ಕೆಳಭಾಗದಲ್ಲಿ ಕೂಡಿದ್ದ ಸೋದರಿ ಡೈಸಿಯ ಇರುವಿಕೆಯನ್ನೇ ಅನೈತಿಕವೆಂದು ಕಂಡು ಹಲವು ರಾಜ್ಯಗಳು ನಿರಾಕರಿಸಿದವು. ಇಬ್ಬರೂ ವಯಸ್ಕರಾಗಿದ್ದು, ಇಬ್ಬರೂ ಬೇಡವೆನ್ನದಿದ್ದಾಗ ಅಲ್ಲಿ ನೀತಿಯ ಮಾತೆತ್ತಲು ಗುಮಾಸ್ತರಿಗೆ ಯಾವ ಅಧಿಕಾರವಿತ್ತೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಯೇ ನಿಜವಾಗಿ ತೂಕದ್ದು. ‘ಸಯಾಮಿ ಅವಳಿ’ ಎಂಬ ಹೆಸರಿಗೇ ಕಾರಣರಾದ ಚಾಂಗ್ ಮತ್ತು ಎಂಗ್ 1843ರಲ್ಲಿ ಉತ್ತರ ಕೆರೊಲಿನಾದಲ್ಲಿ ಅಕ್ಕತಂಗಿಯರನ್ನು ಮದುವೆಯಾದರು. ಮುಂದೆ ಎರಡು ಮನೆ ಮಾಡಿ, ಒಂದೊಂದರಲ್ಲಿ ಮೂರು ಮೂರು ದಿನ ಕಳೆಯುತ್ತಿದ್ದರು. ಯಾರ ಮನೆಯೋ ಆ ಮೂರು ದಿನ ಅವನ ಮಾತೇ ನಡೆಯಬೇಕು, ಇನ್ನೊಬ್ಬ ತನ್ನ ಇಷ್ಟವನ್ನು ಬದಿಗಿಟ್ಟು ಸುಮ್ಮನಿರಬೇಕು ಎಂಬುದು ಅವರೇ ಮಾಡಿಕೊಂಡ ಕಟ್ಟಳೆ. ಒಟ್ಟು 21 ಮಕ್ಕಳಾದ ಆ ಸಂಸಾರಗಳು 1874ರಲ್ಲಿ ಅವರು ತೀರಿಕೊಳ್ಳುವವರೆಗೂ ನಡೆದವು. ಆ ಕಟ್ಟಳೆಯಲ್ಲಿ ನನಗೆ ಕಾಣುವುದು ಇಷ್ಟು: ಮದುವೆಯಾಗದವರ ಒಪ್ಪಿಗೆ ಮದುವೆಯ ದಿನ ಒಮ್ಮೆ ಕೇಳಿ ಮುಗಿಸುವಂಥದ್ದಲ್ಲ. ದಂಪತಿಯ ಏಕಾಂತ ಇವರ ದೇಹವನ್ನೂ ಒಳಗೊಳ್ಳುವುದರಿಂದ, ಪ್ರತಿ ಸಲವೂ ಬೇಡವೆನ್ನುವ ಹಕ್ಕು ಇವರಿಗೆ ಇರಲೇಬೇಕು. ಆ ಹಕ್ಕನ್ನು ಮೀರಿದರೆ ಅದು ದೌರ್ಜನ್ಯ. ಆದರೆ ಸೋದರಿಯ ಮದುವೆಯನ್ನೇ ತಡೆಯುವ ಅಧಿಕಾರವನ್ನು ಇವರಿಗೆ ಕೊಡುವುದು ಸರಿಯೆಂದು ನನಗೆ ತೋರುವುದಿಲ್ಲ.

ಕಾನೂನು ತಡವರಿಸುವ ಜಾಗಗಳು ಬೇರೆ ಇವೆ. ಗಂಡ ಹೆಂಡಿರ ನಡುವಿನ ಖಾಸಗಿ ಮಾತಿಗೆ ಹಲವು ದೇಶಗಳ ಸಾಕ್ಷ್ಯ ಕಾನೂನು ರಕ್ಷಣೆ ಕೊಡುತ್ತದೆ. ಅದೇ ಮಾತು ಸದಾ ಮೂರನೆಯವರ ಕಿವಿಗೂ ಬೀಳುತ್ತಿದ್ದರೆ ಅದನ್ನು ಖಾಸಗಿಯೆನ್ನಬಹುದೇ? ಗರ್ಭಕೋಶ ಇಬ್ಬರಿಗೂ ಒಂದೇ ಆಗಿದ್ದರೆ ಹುಟ್ಟಿದ ಮಗುವಿನ ತಾಯಿ ಯಾರು? ಹೆತ್ತವಳೇ ತಾಯಿ ಎಂಬ ಸೂತ್ರ ಇಲ್ಲಿ ಒದಗುವುದಿಲ್ಲ, ಇಬ್ಬರ ವಂಶವಾಹಿಗಳೂ ಒಂದೇ ಆಗಿರುವುದರಿಂದ ಸಾಮಾನ್ಯ ಡಿಎನ್‌ಎ ಪರೀಕ್ಷೆಯೂ ಉಪಯೋಗಕ್ಕೆ ಬಾರದು.

ಪ್ರಶ್ನೆ: ಮೊದಲೇ ಶಸ್ತ್ರಚಿಕಿತ್ಸೆಯಿಂದ ಬೇರ್ಪಟ್ಟು ಆಮೇಲೆ ಮದುವೆಯಾಗಬಹುದಲ್ಲವೇ?

ಉತ್ತರ: ತಲೆ ಕೂಡಿದ್ದ ಇರಾನಿನ ಲಾದನ್ ಮತ್ತು ಲಾಲೆ ತಮ್ಮ ತಮ್ಮ ದಾರಿ ಹಿಡಿಯಬೇಕೆಂಬ ಆಸೆಯಿಂದ 2003ರಲ್ಲಿ ಸಿಂಗಪುರದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಲಾದನ್‌ಗೆ ವಕೀಲೆಯಾಗಬೇಕಿತ್ತು, ಲಾಲೆಗೆ ಪತ್ರಕರ್ತೆಯಾಗಬೇಕಿತ್ತು. ಇಬ್ಬರೂ ಉಳಿಯಲಿಲ್ಲ, ಆಗ ಅವರಿಗೆ 29 ವರ್ಷ. ಆ ಆಯ್ಕೆ ಅವರದೇ ಆಗಿತ್ತು. ಅಂಥ ಶಸ್ತ್ರಚಿಕಿತ್ಸೆಯನ್ನು ಮದುವೆಗೆ ಷರತ್ತಾಗಿ ಒಡ್ಡುವ ಹಕ್ಕು ವರನಿಗಾಗಲಿ, ಮನೆಯವರಿಗಾಗಲಿ, ನೋಂದಣಿ ಅಧಿಕಾರಿಗಾಗಲಿ ಇಲ್ಲ.