ಎಂಬತ್ತನೇ ಅಕ್ಷರದ ಆಚೆ

ಕೋಡ್ ಬರೆಯುವ ಜನ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಾಗ ಮೊದಲು ಹೇಳಿಕೊಳ್ಳುವುದು ನಿದ್ದೆ ಬರುತ್ತಿಲ್ಲ, ತಲೆನೋವು, ಆಫೀಸಿಗೆ ಹೋಗಲು ಮನಸ್ಸೇ ಇಲ್ಲ ಎಂದು. ಸ್ವಲ್ಪ ಕೆದಕಿದರೆ ಒಂದು ಜಗಳ ಹೊರಬೀಳುತ್ತದೆ. ಜಗಳದ ವಿಷಯ ಹೇಳಲು ಅವರಿಗೇ ಮುಜುಗರ: ಸಾಲಿನ ಶುರುವಿಗೆ ಜಾಗ ಬಿಡಲು ಟ್ಯಾಬೋ ಸ್ಪೇಸೋ, ಬ್ರಾಕೆಟ್ ಯಾವ ಸಾಲಿನಲ್ಲಿ ಶುರುವಾಗಬೇಕು, ಒಂದು ಸಾಲು ಎಷ್ಟು ಅಕ್ಷರ ಉದ್ದ ಇರಬಹುದು. ‘ನಿಮಗೆ ನಗು ಬರಬಹುದು ಮೇಡಂ’ ಅಂತಲೇ ಶುರು ಮಾಡುತ್ತಾರೆ. ನನಗೆ ನಗು ಬರುವುದಿಲ್ಲ. ಇಂಥ ಪ್ರಕರಣಗಳು ಮೇಲಿಂದ ಮೇಲೆ ಬರುತ್ತಿರುವುದರಿಂದ ಅವುಗಳಲ್ಲೊಂದನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆದಿದ್ದೇನೆ.

ಬಂದವರು ನಲವತ್ತು ದಾಟಿದ, ತಂಡದಲ್ಲಿ ಎಲ್ಲರಿಗಿಂತ ಹಳಬರಾದ ಪ್ರೋಗ್ರಾಮರ್. ತಾವು ಬರೆಯುವುದಕ್ಕಿಂತ ಬೇರೆಯವರು ಬರೆದ ಕೋಡನ್ನು ರಿವ್ಯೂ ಮಾಡುವುದರಲ್ಲೇ ಅವರ ದಿನ ಕಳೆಯುತ್ತಿತ್ತು. ಭಾಷೆ ಪೈಥಾನ್. ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರ ಕೋಡಿನಲ್ಲಿ 80 ಅಕ್ಷರ ಮೀರಿದ ಪ್ರತಿ ಸಾಲಿಗೂ ಇವರು ‘ಸಾಲು ಉದ್ದವಾಗಿದೆ’ ಎಂದು ಕಾಮೆಂಟ್ ಹಾಕುತ್ತಿದ್ದರು. ಆಕೆ ಮೊದಮೊದಲು ತಿದ್ದಿದರು, ಆಮೇಲೆ ವಾದಿಸಿದರು, ಕೊನೆಗೆ ಮಿತಿಯನ್ನು 120ಕ್ಕೆ ಏರಿಸೋಣ ಎಂದು ಇಡೀ ತಂಡದ ಮುಂದಿಟ್ಟರು. ಆ ಮೀಟಿಂಗಿನಲ್ಲಿ ಇವರು ಕೂಗಾಡಿ ಅರ್ಧಕ್ಕೇ ಎದ್ದು ಹೋದರು. ‘ಯಾರ ಹತ್ತಿರವಾದರೂ ಹೋಗಿ ಮಾತಾಡಿ’ ಎಂದು ಮ್ಯಾನೇಜರ್ ಹೇಳಿದ ಮೇಲೆ ನನ್ನಲ್ಲಿಗೆ ಬಂದದ್ದು.

ಮೊದಮೊದಲ ಭೇಟಿಗಳೆಲ್ಲ ನನಗೆ ಪಾಠ. 1928ರಲ್ಲಿ ಐಬಿಎಂ 80 ಕಾಲಂಗಳ ಪಂಚ್ ಕಾರ್ಡ್ (ತೂತು ಕೊರೆದು ಮಾಹಿತಿ ತುಂಬುವ ರಟ್ಟು) ತಂದದ್ದು, ಆ ಅಗಲವೇ ಟರ್ಮಿನಲ್‌ಗಳಿಗೆ ಇಳಿದು 1978ರ ವಿಟಿ100ರಲ್ಲೂ 80 ಕಾಲಂಗಳ ಪರದೆಯಾಗಿ ಉಳಿದದ್ದು, ಪೈಥಾನ್ ಕೋಡನ್ನು ಹೇಗೆ ಬರೆಯಬೇಕು ಎಂದು ಹೇಳುವ 2001ರ ಪೆಪ್ 8 ಮಾರ್ಗಸೂಚಿ ಕೋಡಿಗೆ 79, ಕೋಡಿನೊಳಗಿನ ವಿವರಣೆಯ ಟಿಪ್ಪಣಿಗಳಿಗೆ 72 ಎಂದು ಗೊತ್ತುಮಾಡಿದ್ದು, ಎಲ್ಲವೂ ಅವರ ನಾಲಿಗೆ ತುದಿಯಲ್ಲಿತ್ತು. ನಾನು ಕೇಳಿಸಿಕೊಂಡೆ, ಬಿಡುವಾದಾಗ ಓದಿಯೂ ನೋಡಿದೆ. ಹಾಗಾಗಿ ಅವರು ಹೇಳದೆ ಬಿಟ್ಟದ್ದೂ ಕಣ್ಣಿಗೆ ಬಿತ್ತು. ತಂಡ ಒಪ್ಪಿದರೆ 99ರವರೆಗೆ ಹೋಗಬಹುದು ಎಂದು ಅದೇ ಪೆಪ್ 8 ಹೇಳುತ್ತದೆ. 80ಕ್ಕೆ ಅಂಟಿಕೊಂಡಿದ್ದ ಲಿನಕ್ಸ್ ಕರ್ನೆಲ್‌ನವರು (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳನ್ನು ಬರೆಯುವವರು) 2020ರಲ್ಲಿ ತಮ್ಮ ತಪಾಸಣೆ ಸ್ಕ್ರಿಪ್ಟಿನ ಎಚ್ಚರಿಕೆಯನ್ನು 100ಕ್ಕೆ ಸರಿಸಿದರು. ಪೈಥಾನಿನವರೇ ಬಳಸುವ ಬ್ಲ್ಯಾಕ್ ಎಂಬ ಫಾರ್ಮ್ಯಾಟರ್ (ಕೋಡನ್ನು ತಾನೇ ಅಚ್ಚುಕಟ್ಟಾಗಿ ಜೋಡಿಸುವ ತಂತ್ರಾಂಶ), ಏನೂ ಹೇಳದೆ ಬಿಟ್ಟರೆ, 88ಕ್ಕೆ ಸಾಲು ಮುರಿಯುತ್ತದೆ. ಗೋ ಭಾಷೆಯ ಫಾರ್ಮ್ಯಾಟರಿಗಂತೂ ಉದ್ದದ ಮಿತಿಯೇ ಇಲ್ಲ. ಇಷ್ಟು ಜನ ಇಷ್ಟು ಬಗೆಯಲ್ಲಿ ಹೊಂದಿಕೊಂಡಿದ್ದಾರೆ. ಹೀಗಿರುವಾಗ 80 ಮತ್ತು 120ರ ನಡುವೆ ಒಬ್ಬ ಮನುಷ್ಯ ನಿದ್ದೆಗೆಡುತ್ತಾನೆ ಎಂದರೆ ಬರೀ ಇತಿಹಾಸದ ಮಾತು ಸಾಲದು.

ನಾನು ಹೀಗೆ ಕೋಡಿನ ವಿಷಯ ಓದಲು ಕೂತದ್ದು ನನ್ನದೇ ವೃತ್ತಿಯ ಕೆಲವರಿಗೆ ಹಿಡಿಸಲಿಲ್ಲ. ಅದೆಲ್ಲ ಮೇಲಿನ ಹೊದಿಕೆ, ಒಳಗಿರುವುದು ಅಹಂಕಾರ, ನೇರ ಅಲ್ಲಿಗೇ ಹೋಗಬೇಕಿತ್ತು ಎಂದರು. ನಾನು ಒಪ್ಪುವುದಿಲ್ಲ. ಎದುರಿಗಿರುವವರ ಕೆಲಸ ಕ್ಷುಲ್ಲಕ ಎಂದು ನಾವು ಒಳಗೊಳಗೇ ತೀರ್ಮಾನಿಸಿದ್ದರೆ ಅದು ಅವರಿಗೆ ಗೊತ್ತಾಗಿಯೇ ಆಗುತ್ತದೆ, ಆಮೇಲೆ ಅವರು ಬಾಯಿ ಬಿಡುವುದಿಲ್ಲ. ಅಲ್ಲದೆ ಇದು ಕ್ಷುಲ್ಲಕವೂ ಅಲ್ಲ. ಆ ಸಹೋದ್ಯೋಗಿಯ ವಾದವನ್ನೇ ನೋಡಿ. ಕ್ಲಾಸ್, ಅದರೊಳಗೆ ಫಂಕ್ಷನ್, ಅದರೊಳಗೆ ಲೂಪ್, ಅದರೊಳಗೆ ಒಂದು ಷರತ್ತು ಎಂದರೆ, ಒಂದೊಂದು ಹಂತಕ್ಕೂ ನಾಲ್ಕು ಜಾಗ ಒಳಗೆ ಸರಿಯುವುದರಿಂದ, ಮೊದಲ ಅಕ್ಷರ ಬೀಳುವ ಮುಂಚೆಯೇ 16 ಜಾಗ ಖಾಲಿ ಹೋಗಿರುತ್ತದೆ. ಉಳಿದದ್ದರಲ್ಲಿ ಹಿಡಿಸಲು ಆಕೆ ಹೆಸರುಗಳನ್ನು ಕತ್ತರಿಸತೊಡಗಿದ್ದರು. ‘ಕಸ್ಟಮರ್ ಬ್ಯಾಲೆನ್ಸ್’ ಎಂದು ಬಿಡಿಸಿ ಬರೆದಿದ್ದದ್ದು ‘ಸಿಬಿ’ ಆಯಿತು. ಸಾಲು 80ರೊಳಗೆ ಬಂತು, ಆದರೆ ಆರು ತಿಂಗಳ ನಂತರ ಓದುವವನಿಗೆ ಸಿಬಿ ಎಂದರೆ ಏನು ಗೊತ್ತಾಗಬೇಕು? ನಿಯಮ ಓದುವವನಿಗಾಗಿ ಹುಟ್ಟಿದ್ದು, ಇಲ್ಲಿ ಓದುವವನಿಗೇ ತೊಡಕಾಗಿತ್ತು.

ಒಂದು ದಿನ ಅವರು ಪುರಾವೆ ಸಮೇತ ಬಂದರು. ಲ್ಯಾಪ್‌ಟಾಪ್ ತೆಗೆದು, ‘ನೀವೇ ನೋಡಿ ಮೇಡಂ, ಇಂಥ ಸಾಲು ಬರೀತಾರೆ’ ಎಂದು ಪರದೆಯನ್ನು ಓರೆಯಾಗಿ ತಿರುಗಿಸಿದರು. ನಾನು ಸಾಲನ್ನು ನೋಡಲಿಲ್ಲ, ಅಕ್ಷರಗಳನ್ನು ನೋಡಿದೆ. ಮೇಜಿನ ಈಚೆ ಕೂತ ನನಗೂ ಕನ್ನಡಕ ಇಲ್ಲದೆ ಓದಲು ಬರುವಷ್ಟು ದೊಡ್ಡವು.

‘ಅಕ್ಷರ ಯಾಕೆ ಇಷ್ಟು ದೊಡ್ಡದು ಮಾಡ್ಕೊಂಡಿದೀರಿ?’

‘ಅಭ್ಯಾಸ.’

‘ಸರಿ. ಈ ಸಾಲು ಎಲ್ಲಿ ಮುಗಿಯುತ್ತೆ, ತೋರಿಸಿ.’

ಅವರು ಪಕ್ಕಕ್ಕೆ ಸರಿಸಿದರು. ಸಾಲಿನ ತುದಿ ಬಂತು, ಶುರು ಮರೆಯಾಯಿತು. ಶುರುವಿನಲ್ಲಿ ಏನಿತ್ತು ಎಂದು ವಾಪಸ್ ಸರಿಸಿದರು, ತುದಿ ಹೋಯಿತು. ಮತ್ತೆ ಸರಿಸುವಾಗ ಯಾವ ಸಾಲಿನಲ್ಲಿದ್ದೇನೆ ಎಂಬುದೇ ತಪ್ಪಿ, ಬೆರಳನ್ನು ಪರದೆಯ ಮೇಲೆ ಇಟ್ಟುಕೊಂಡರು. ದಿನವಿಡೀ ಇದೇ ಕೆಲಸವಾ ಎಂದು ಕೇಳಿದೆ. ಆಫೀಸಿನ ದೊಡ್ಡ ಮಾನಿಟರಿನಲ್ಲಿ ಹಳೆಯದು ಹೊಸದು ಎರಡನ್ನೂ ಅಕ್ಕಪಕ್ಕ ತೆರೆದುಕೊಂಡರೆ ಒಂದೊಂದರಲ್ಲಿ ತೊಂಬತ್ತು ಚಿಲ್ಲರೆ ಅಕ್ಷರ ಹಿಡಿಯುತ್ತದಂತೆ. ಅದಕ್ಕಿಂತ ಸಣ್ಣ ಅಕ್ಷರ ಇಟ್ಟರೆ ಕಾಣುವುದಿಲ್ಲ. ಬರೀ ಚಾಳೀಸು ಅಲ್ಲ, ಎಡಗಣ್ಣಿನ ಅಕ್ಷಿಪಟಲದ ತೊಂದರೆ, ಕನ್ನಡಕದಿಂದ ಸರಿಹೋಗುವಂಥದ್ದಲ್ಲ.

ಆಮೇಲೆ ನಾನು ಕೇಳದೆಯೇ ಒಂದು ಘಟನೆ ಹೇಳಿದರು. ಯಾವ ಗ್ರಾಹಕರಿಗೆ ಬಾಕಿಯ ನೋಟಿಸ್ ಹೋಗಬೇಕು ಎಂದು ನಿರ್ಧರಿಸುವ ಒಂದು ‘ಇಫ್’ (‘ಹೀಗಿದ್ದರೆ’) ಸಾಲು. ಖಾತೆ ಚಾಲ್ತಿಯಲ್ಲಿರಬೇಕು, ಬಾಕಿ ಇರಬೇಕು, ಗಡುವು ಮೀರಿರಬೇಕು. ಇಷ್ಟು ಪರದೆಯಲ್ಲಿ ಕಾಣುತ್ತಿತ್ತು, ಸರಿಯಾಗಿಯೂ ಇತ್ತು. ಅದರಾಚೆ, 110ನೇ ಅಕ್ಷರದ ಸುಮಾರಿಗೆ, ಪರೀಕ್ಷೆ ಮಾಡಿ ನೋಡಲು ತಾತ್ಕಾಲಿಕವಾಗಿ ಸೇರಿಸಿದ್ದ ಒಂದು ‘ಆರ್’ (‘ಅಥವಾ’) ಹಾಗೇ ಉಳಿದುಬಿಟ್ಟಿತ್ತು. ಇವರು ಒಪ್ಪಿಗೆ ಒತ್ತಿದರು. ಬಾಕಿಯೇ ಇಲ್ಲದವರಿಗೆಲ್ಲ ನೋಟಿಸ್ ಹೋಯಿತು. ಬರೆದವನು ಬೈಸಿಕೊಂಡ, ರಿವ್ಯೂ ಮಾಡಿದ್ದು ಯಾರು ಎಂದು ಯಾರೂ ಕೇಳಲಿಲ್ಲ.

‘ಅವತ್ತಿಂದ ಉದ್ದದ ಸಾಲು ಕಂಡರೆ ಹೊಟ್ಟೆ ಕಲಸಿದ ಹಾಗಾಗುತ್ತೆ. ಆಚೆ ಏನಿದೆಯೋ ಅಂತ. ಇದು ನಿಯಮ ಅಂತ ಆಯಮ್ಮನಿಗೆ ಹೇಳ್ತೀನಿ. ನನಗೆ ಕಾಣಲ್ಲ ಅಂತ ಹೇಳೋಕಾಗುತ್ತಾ? ನಾಳೆಯಿಂದ ರಿವ್ಯೂ ಬೇಡ, ನೀವು ಸುಮ್ನೆ ಕೂತ್ಕೊಳ್ಳಿ ಅಂತಾರೆ.’

ಪಂಚ್ ಕಾರ್ಡಿನ ಕಥೆಯೆಲ್ಲ ನಿಂತಿದ್ದು ಈ ಕೊನೆಯ ಮಾತಿನ ಮೇಲೆ.

ನಾನು ಕೊಟ್ಟ ಸಲಹೆ ನೇರವಾದದ್ದು. ಇನ್ನು ಮೇಲೆ ‘ನಿಯಮ ಹೀಗಿದೆ’ ಎನ್ನುವುದನ್ನು ಬಿಡಿ, ‘ನನಗೆ ಹೀಗೆ ಬೇಕು’ ಎನ್ನಿ. ಕಾರಣ ಇಷ್ಟೆ. ನಿಯಮಕ್ಕೆ ಎದುರು ನಿಯಮ ಸಿಗುತ್ತದೆ. ನೀವು ಪೆಪ್ 8 ಎಂದರೆ ಆಕೆ ಗೋ ಎನ್ನುತ್ತಾರೆ, ನೀವು 1928 ಎಂದರೆ ಈಗಿನ ಮಾನಿಟರಿನ ಅಗಲ ತೋರಿಸುತ್ತಾರೆ, ಇಬ್ಬರೂ ಅವರವರ ಮೂಗಿನ ನೇರಕ್ಕೆ ಸರಿಯೇ. ‘ತೊಂಬತ್ತರ ಆಚೆ ನನಗೆ ಕಾಣುವುದಿಲ್ಲ’ ಎಂಬುದಕ್ಕೆ ಎದುರುವಾದವೇ ಇಲ್ಲ. ಇದು ಭಿಕ್ಷೆಯೂ ಅಲ್ಲ. ಎರಡು ಫೈಲು ಅಕ್ಕಪಕ್ಕ ಇಟ್ಟು ಓದಲು ಅನುಕೂಲ ಎಂದು ಪೆಪ್ 8 ತಾನೇ ಕಾರಣ ಕೊಡುತ್ತದೆ. ಕೋಡಿನ ಮಾತು ಬಿಟ್ಟರೂ, ವೆಬ್ ಪುಟಗಳು ಎಲ್ಲರಿಗೂ ಓದಲು ಬರುವಂತಿರಬೇಕು ಎಂದು ಮಾಡಿರುವ ಡಬ್ಲ್ಯೂಸಿಎಜಿ ಮಾರ್ಗಸೂಚಿ ತನ್ನ ಅತಿ ಕಟ್ಟುನಿಟ್ಟಿನ ಹಂತದಲ್ಲಿ ಸಾಲು 80 ಅಕ್ಷರ ಮೀರದಂತೆ ಓದಲು ದಾರಿ ಇರಬೇಕು ಎನ್ನುತ್ತದೆ. ಕಣ್ಣಿನ ಅಗತ್ಯ ಅಂದರೆ ನಾಚಿಕೆಪಡುವ ವಿಷಯವಲ್ಲ.

ಆರೋಗ್ಯದ ವಿಷಯವನ್ನು ಆಫೀಸಿನಲ್ಲಿ ಹೇಳಿಕೊಳ್ಳಲು ಪ್ರೇರೇಪಿಸಿದ್ದು ಸರಿಯೇ ಎಂದು ನನ್ನನ್ನು ಕೇಳಿದವರಿದ್ದಾರೆ. ಹೇಳಿಕೊಂಡವರಿಗೆ ಏಟು ಬಿದ್ದದ್ದನ್ನು ನಾನೂ ಕಂಡಿದ್ದೇನೆ. ಆದ್ದರಿಂದಲೇ ಎಷ್ಟು ಹೇಳಬೇಕು ಎಂಬುದಕ್ಕೆ ಗೆರೆ ಹಾಕಿದೆವು. ಕಾಯಿಲೆಯ ಹೆಸರು, ಡಾಕ್ಟರ ಚೀಟಿ ಯಾವುದೂ ಬೇಡ. ಪರದೆಯಲ್ಲಿ ಎಷ್ಟು ಅಕ್ಷರ ಹಿಡಿಯುತ್ತದೆ, ಅದರಾಚೆ ಇರುವುದನ್ನು ಓದುವಾಗ ತಪ್ಪು ಕೈತಪ್ಪುವ ಸಂಭವ ಎಷ್ಟು, ಇಷ್ಟೇ. ಮೊದಲು ಆಕೆಗೆ, ಆಮೇಲೆ ತಂಡಕ್ಕೆ ಬರಹದಲ್ಲಿ. ನೋಟಿಸಿನ ಘಟನೆಯನ್ನು ಒಪ್ಪಿಕೊಳ್ಳಿ ಎಂದು ನಾನು ಹೇಳಲಿಲ್ಲ. ಅದು ಮುಗಿದು ಸರಿಯಾಗಿತ್ತು. ತಂಡಕ್ಕೆ ಬೇಕಾಗಿದ್ದದ್ದು ಮುಂದೆ ಹಾಗಾಗದಂತೆ ಒಂದು ಕಾರಣ, ಹಳೆಯದಕ್ಕೆ ಒಬ್ಬ ತಪ್ಪಿತಸ್ಥನಲ್ಲ. ಆ ಸಾಲು ಬರೆದವನಿಗೆ ಮಾತ್ರ ಖಾಸಗಿಯಾಗಿ ಹೇಳಿದರೆ ಒಳ್ಳೆಯದು ಎಂದೆ. ಅದನ್ನು ಮಾಡಿದರೋ ಇಲ್ಲವೋ ನಾನು ಕೇಳಿಲ್ಲ.

ಎಡಿಟರಿನಲ್ಲಿ ಸಾಲು ತಾನಾಗಿ ಮಡಿಸಿಕೊಳ್ಳುವ ಸೌಲಭ್ಯ ಇದೆಯಲ್ಲ ಎಂದು ಪ್ರೋಗ್ರಾಮರ್ ಓದುಗರು ಕೇಳಬಹುದು. ಇದೆ. ಪೈಥಾನಿನಲ್ಲಿ ಎಡಗಡೆ ಬಿಟ್ಟ ಜಾಗವೇ ಅರ್ಥ ಹೇಳುತ್ತದೆ. ಮಡಿಸಿದ ತುಂಡು ಬಂದು ಎಡ ಅಂಚಿಗೆ ಕೂತರೆ, ಕಣ್ಣು ಮೊದಲೇ ಸೋತವರಿಗೆ ಇನ್ನೊಂದು ಗೋಜಲು.

ಎರಡನೆಯ ಸಲಹೆ, ಎಣಿಸುವ ಕೆಲಸವನ್ನು ಯಂತ್ರಕ್ಕೆ ಬಿಡಿ ಎಂಬುದು. ಮನುಷ್ಯ ಎಣಿಸಿ ಹೇಳಿದರೆ ಅದು ದೂರು, ಫಾರ್ಮ್ಯಾಟರ್ ಮುರಿದರೆ ಸಾಲು ಮುರಿಯಿತು ಅಷ್ಟೆ. ಇದಕ್ಕೆ ಅವರು ಜೋರಾಗಿಯೇ ತಕರಾರು ತೆಗೆದರು. ಇಡೀ ಕೋಡನ್ನು ಒಮ್ಮೆಲೇ ಫಾರ್ಮ್ಯಾಟ್ ಮಾಡಿದರೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ತಂತ್ರಾಂಶದಲ್ಲಿ ಯಾವ ಸಾಲು ಯಾರದು ಎಂದು ತೋರಿಸುವ ದಾಖಲೆಯೆಲ್ಲ ಫಾರ್ಮ್ಯಾಟ್ ಮಾಡಿದವನ ಹೆಸರಿಗೆ ಬಂದುಬಿಡುತ್ತದೆ ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಮುಂದಿನ ಭೇಟಿಗೆ ಅವರೇ ಹುಡುಕಿಕೊಂಡು ಬಂದರು: ಅದನ್ನು ಒಂದೇ ಪ್ರತ್ಯೇಕ ಕಮಿಟ್ (ಗಿಟ್‌ನಲ್ಲಿ ಒಟ್ಟಿಗೆ ದಾಖಲಿಸುವ ಬದಲಾವಣೆ) ಮಾಡಿ, ‘ಇದನ್ನು ಲೆಕ್ಕಕ್ಕೆ ಹಿಡಿಯಬೇಡ’ ಎಂದು ಗಿಟ್‌ಗೆ ಹೇಳಬಹುದಂತೆ, 2019ರ 2.23ನೇ ಆವೃತ್ತಿಯಿಂದ. ಆ ಭೇಟಿಯಲ್ಲಿ ಅವರು 80ರ ಹೆಸರೆತ್ತಲಿಲ್ಲ.

ಪ್ರತಿ ಹಟದ ಹಿಂದೆಯೂ ಇಂಥದ್ದೊಂದು ಕಣ್ಣು ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ಇದೇ ಜಗಳ ಹೊತ್ತು ಬಂದ ಇನ್ನೊಬ್ಬರಿಗೆ ಬೇಕಾಗಿದ್ದದ್ದು ಕೊನೆಯ ಮಾತು ತಮ್ಮದಾಗಬೇಕು ಎಂಬುದಷ್ಟೆ. ಅವರಿಗೆ ನನ್ನಿಂದ ಹೆಚ್ಚೇನೂ ಪ್ರಯೋಜನ ಆಗಲಿಲ್ಲ. ಆದರೆ ಯಾರು ಯಾವ ಬಗೆ ಎಂದು ತಿಳಿಯಲು ಇರುವುದು ಒಂದೇ ದಾರಿ, ಅದು ಕೇಳುವ ಪ್ರಶ್ನೆಯಲ್ಲಿದೆ. ‘80 ಯಾಕೆ?’ ಎಂದು ಕೇಳಿದರೆ ಪಂಚ್ ಕಾರ್ಡಿನ ಚರಿತ್ರೆ ಬರುತ್ತದೆ. ‘ಸಾಲು ಉದ್ದವಾದರೆ ನಿಮಗೆ ಏನು ಕಷ್ಟ ಆಗುತ್ತೆ?’ ಎಂದು ಕೇಳಿ ನೋಡಿ. ತಂಡ ನಡೆಸುವವರು ಮೀಟಿಂಗಿನಲ್ಲಿ ಕೈ ಎತ್ತಿಸಿ ಬಹುಮತ ಎಣಿಸುವ ಮುನ್ನ ಇಷ್ಟನ್ನು ಕೇಳಬೇಕು, ಅದೂ ಒಬ್ಬೊಬ್ಬರನ್ನೇ ಕರೆದು. ಹತ್ತು ಜನರ ಎದುರು ಯಾರೂ ತಮ್ಮ ಕಣ್ಣಿನ ಮಾತು ಆಡುವುದಿಲ್ಲ.

ಅವರು ಆಕೆಗೆ ಹೇಳಿದರು. ಆಕೆ ಕರಗಿಹೋಗಲಿಲ್ಲ, ಸಿಟ್ಟಾದರು. ‘ಇದನ್ನು ಮೊದಲ ದಿನವೇ ಹೇಳಿದ್ದರೆ ನಾನು ಮೊದಲ ದಿನವೇ ಮಾಡ್ತಿದ್ದೆ ಸರ್, ಇಷ್ಟು ದಿನ ನನಗೆ ಕೋಡ್ ಬರೆಯೋಕೆ ಬರಲ್ಲ ಅಂದ್ಕೊಂಡಿದ್ದೆ’ ಎಂದರಂತೆ. ಆ ಸಿಟ್ಟು ನ್ಯಾಯವಾದದ್ದು, ಅದಕ್ಕೆ ಸಮಜಾಯಿಷಿ ಕೊಡಲು ಹೋಗಬೇಡಿ ಎಂದೆ. ರಿವ್ಯೂ ಕೆಲಸವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ತಂಡ ಬ್ಲ್ಯಾಕಿನ 88ಕ್ಕೆ ಒಪ್ಪಿತು, ಅದು ಅವರ ಪರದೆಯಲ್ಲಿ ಹಿಡಿಯುತ್ತದೆ. ಉದ್ದದ ಸ್ಟ್ರಿಂಗುಗಳನ್ನು (ಕೋಡಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಬರುವ ಪಠ್ಯವನ್ನು) ಆ ಫಾರ್ಮ್ಯಾಟರ್ ಮುರಿಯುವುದಿಲ್ಲವಾದ್ದರಿಂದ ಅವನ್ನು ಬರೆಯುವವರೇ ಮುರಿದು ಕೊಡುತ್ತಾರೆ. ‘ಸಿಬಿ’ಯಂಥ ಹೆಸರುಗಳನ್ನು ಮತ್ತೆ ಬಿಡಿಸಿ ಬರೆಯುವ ಕೆಲಸ ಇನ್ನೂ ಬಾಕಿ ಇದೆ. ಫಾರ್ಮ್ಯಾಟರ್ ಆವರಣದ ಚಿಹ್ನೆಯೊಂದನ್ನೇ ಒಂದು ಸಾಲಿನಲ್ಲಿ ಕೂರಿಸುವುದು ಅಸಹ್ಯ ಎಂಬ ಅಭಿಪ್ರಾಯವನ್ನು ಅವರು ಬಿಟ್ಟಿಲ್ಲ.

ಈಗಲೂ ಬರುತ್ತಾರೆ, ಕಣ್ಣಿನ ಭಯಕ್ಕೆ. ಅದು ಬೇರೆಯೇ ಪ್ರಕರಣ, ಅದನ್ನು ಬರೆಯಲು ನಾನು ಒಪ್ಪಿಗೆ ಕೇಳಿಲ್ಲ.